ಲ್ಯಾಪ್‌ಟಾಪ್ ಇಲ್ಲದೆ ಯಕ್ಷಗಾನ ಆಟದ ರೆಕಾರ್ಡಿಂಗ್: ಅಗ್ಗದ ಕಾರ್ಡ್ ರೀಡರ್ ಜೊತೆ ನನ್ನ ಅನುಭವ

ನನಗೆ ಯಕ್ಷಗಾನ ರೆಕಾರ್ಡ್ ಮಾಡುವ ಹುಚ್ಚು. ವಿಡಿಯೋ ಅಲ್ಲ, ಬರೀ ಧ್ವನಿ. ಭಾಗವತಿಕೆ, ಅಂದರೆ ಯಕ್ಷಗಾನದ ಹಾಡುಗಾರಿಕೆ, ಕಲಿಯುವ ಹುಡುಗರು ಪದ್ಯಗಳನ್ನು ಕೇಳುತ್ತಿರುತ್ತಾರೆ. ಮೇಳದವರ ಒಪ್ಪಿಗೆ ಪಡೆದು ರೆಕಾರ್ಡ್ ಮಾಡಿ ಆ ಹುಡುಗರಿಗೆ ಕೊಡುತ್ತೇನೆ. ಕೈಯಲ್ಲಿ ಹಿಡಿಯುವಷ್ಟು ಚಿಕ್ಕ ರೆಕಾರ್ಡರ್, ಅದರೊಳಗೆ ಒಂದು ಮೈಕ್ರೋ ಎಸ್‌ಡಿ ಕಾರ್ಡ್. ಮೊದಲೆಲ್ಲ ಫೈಲ್ ತೆಗೆಯಲು ಲ್ಯಾಪ್‌ಟಾಪ್ ಬೇಕಿತ್ತು. ಈಗ ಇನ್ನೂರು ರೂಪಾಯಿಯೊಳಗೆ ಸಿಕ್ಕ ಒಂದು ಕಾರ್ಡ್ ರೀಡರ್ ಮತ್ತು ಹಳೆಯ ಆಂಡ್ರಾಯ್ಡ್ ಟ್ಯಾಬ್‌ನಲ್ಲೇ ಎಲ್ಲ ಮುಗಿಯುತ್ತದೆ.

ಟ್ಯಾಬ್‌ನಲ್ಲೇ ಕಾರ್ಡ್ ಹಾಕುವ ಜಾಗ ಇದೆಯಲ್ಲ ಅಂತ ಕೇಳಬಹುದು. ಇದೆ. ಆದರೆ ಪ್ರತಿ ಸಲ ಪಿನ್ ಚುಚ್ಚಿ ಟ್ರೇ ಹೊರಗೆಳೆಯಬೇಕು. ಅಲ್ಲಿ ಈಗಾಗಲೇ ಒಂದು ಕಾರ್ಡ್ ಕೂತಿದೆ. ಬೆಳಗಿನ ಜಾವ ಆಟ ಮುಗಿದ ಗದ್ದೆಯಲ್ಲಿ ಕೂತು ಉಗುರಿನಷ್ಟು ದೊಡ್ಡ ಎರಡು ಕಾರ್ಡ್‌ಗಳನ್ನು ಅದಲುಬದಲು ಮಾಡಲು ಹೋದರೆ ಒಂದು ಹುಲ್ಲಿನ ಪಾಲಾಗುವುದು ಖಂಡಿತ.

ಕೊಳ್ಳುವಾಗ ನಾನು ನೋಡಿದ್ದು ವೇಗವನ್ನಲ್ಲ, ಲೆಕ್ಕವನ್ನು. ಸಿಡಿ ಗುಣಮಟ್ಟದ ವೇವ್ ಫೈಲ್ (ಕುಗ್ಗಿಸದ ಧ್ವನಿ), ಅಂದರೆ 44.1 ಕಿಲೋಹರ್ಟ್ಸ್, 16 ಬಿಟ್ ಸ್ಟೀರಿಯೋ, ಗಂಟೆಗೆ ಸುಮಾರು 635 ಎಂಬಿ ಆಗುತ್ತದೆ. ಆಟದ ಮೊದಲಿನ ಚೌಕಿ ಪೂಜೆಯಿಂದ ಕೊನೆಯ ಮಂಗಳದವರೆಗೆ ಎಂಟು ಗಂಟೆ ಅಂದುಕೊಂಡರೂ 5 ಜಿಬಿಯ ಆಸುಪಾಸು. ಕಾಲಮಿತಿಯ ಆಟವಾದರೆ ಅದಕ್ಕಿಂತ ಎಷ್ಟೋ ಕಡಿಮೆ. ಯುಎಸ್‌ಬಿ 2.0 ರೀಡರ್ ಸೆಕೆಂಡಿಗೆ 20 ಎಂಬಿ ಎಳೆದರೂ ಇಡೀ ರಾತ್ರಿಯ ಆಟ ನಾಲ್ಕೈದು ನಿಮಿಷದಲ್ಲಿ ಟ್ಯಾಬ್ ಸೇರುತ್ತದೆ. ಇದಕ್ಕೆ 3.0 ರೀಡರ್‌ಗೆ ದುಡ್ಡು ಸುರಿಯುವ ಅಗತ್ಯ ಇಲ್ಲ. 4ಕೆ ವಿಡಿಯೋ ತೆಗೆಯುವವರ ಲೆಕ್ಕ ಬೇರೆ, ಅವರಿಗೆ ಬೇಕು.

ತಂದ ರೀಡರ್ ಮೊದಲು ಓಡಲೇ ಇಲ್ಲ. ಸಿಕ್ಕಿಸಿದರೆ ಲೈಟ್ ಬರುತ್ತದೆ, ಹೋಗುತ್ತದೆ. ಕಾರಣ ತೀರಾ ಸಣ್ಣದು. ಟ್ಯಾಬ್‌ಗೆ ಹಾಕಿದ್ದ ದಪ್ಪ ರಬ್ಬರ್ ಕವರ್‌ನಿಂದಾಗಿ ಟೈಪ್-ಸಿ ಪ್ಲಗ್ ಪೂರ್ತಿ ಒಳಗೆ ಹೋಗುತ್ತಿರಲಿಲ್ಲ. ಕವರ್ ತೆಗೆದೆ, ಸರಿಯಾಯಿತು. ಅಗ್ಗದ ರೀಡರ್‌ಗಳ ಪ್ಲಗ್ ಉದ್ದ ಕಡಿಮೆ, ಮೈ ಅಗಲ. ಹಾಗಾಗಿ ತುಂಡು ವೈರ್ ಇರುವ ರೀಡರ್ ಸಿಕ್ಕರೆ ಅದೇ ಒಳ್ಳೆಯದು. ಟ್ಯಾಬ್‌ನ ಕಿಂಡಿಯ ಮೇಲೆ ಭಾರವೂ ಬೀಳುವುದಿಲ್ಲ. ಕೆಲವು ಕಂಪನಿಗಳ ಫೋನ್, ಟ್ಯಾಬ್‌ಗಳಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ ಒಟಿಜಿ (ಹೊರಗಿನ ಯುಎಸ್‌ಬಿ ಸಾಧನ ಓದುವ ಸೌಲಭ್ಯ) ಆನ್ ಮಾಡಬೇಕು. ಸ್ವಲ್ಪ ಹೊತ್ತು ಬಳಸದಿದ್ದರೆ ಅದು ತಾನೇ ಆಫ್ ಆಗುವುದೂ ಉಂಟು. ರೀಡರ್ ಕೆಟ್ಟಿದೆ ಅಂತ ಅಂಗಡಿಗೆ ವಾಪಸ್ ಹೋಗುವ ಮುಂಚೆ ಇದನ್ನೊಮ್ಮೆ ನೋಡಿ.

ಇನ್ನು ನಿಜವಾಗಿ ಹೆದರಬೇಕಾದ ವಿಷಯ. ಕಾರ್ಡ್ ಹಾಕಿದ ಕೂಡಲೇ ಕೆಲವೊಮ್ಮೆ ಟ್ಯಾಬ್ 'ಈ ಡ್ರೈವ್ ಬೆಂಬಲಿತವಾಗಿಲ್ಲ, ಸರಿಪಡಿಸಲು ಒತ್ತಿ' ಎಂಬ ಅರ್ಥದ ಸೂಚನೆ ತೋರಿಸುತ್ತದೆ. ದಯವಿಟ್ಟು ಒತ್ತಬೇಡಿ. ಅದರ ಭಾಷೆಯಲ್ಲಿ ಸರಿಪಡಿಸುವುದು ಅಂದರೆ ಫಾರ್ಮ್ಯಾಟ್ ಮಾಡುವುದು. ಭಾಗವತರು, ಚೆಂಡೆ, ಮದ್ದಳೆ ಎಲ್ಲ ಒಂದೇ ಏಟಿಗೆ ಮಾಯ. ಸಾಮಾನ್ಯವಾಗಿ ಕಾರ್ಡ್‌ನಲ್ಲಿ ಏನೂ ದೋಷ ಇರುವುದಿಲ್ಲ. 32 ಜಿಬಿವರೆಗಿನ ಕಾರ್ಡ್‌ಗಳು ಫ್ಯಾಟ್32 ಎಂಬ, ಫೈಲ್ ಜೋಡಿಸಿಡುವ ವ್ಯವಸ್ಥೆಯಲ್ಲಿ ಬರುತ್ತವೆ, 64 ಜಿಬಿ ಮತ್ತು ಮೇಲಿನವು ಎಕ್ಸ್‌ಫ್ಯಾಟ್‌ನಲ್ಲಿ. ಫ್ಯಾಟ್32 ಅನ್ನು ಆಂಡ್ರಾಯ್ಡ್ ಟ್ಯಾಬ್‌ಗಳು ಆರಾಮಾಗಿ ಓದುತ್ತವೆ. ಎಕ್ಸ್‌ಫ್ಯಾಟ್ ಎಂದರೆ ಕೆಲವು ಟ್ಯಾಬ್‌ಗಳು, ಅದರಲ್ಲೂ ಹಳೆಯವು, ಕೈ ಎತ್ತಿಬಿಡುತ್ತವೆ. ಅದಕ್ಕೇ ನಾನು ರೆಕಾರ್ಡರ್‌ಗೆ 32 ಜಿಬಿ ಕಾರ್ಡ್ ಬಿಟ್ಟು ಬೇರೆ ಹಾಕುವುದಿಲ್ಲ. 48 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ ಹಿಡಿದರೂ ಮೂರು ರಾತ್ರಿಯ ಆಟ ಅದರಲ್ಲಿ ಕೂರುತ್ತದೆ, ಇನ್ನೆಷ್ಟು ಬೇಕು? ಫಾರ್ಮ್ಯಾಟ್ ಮಾಡಲೇಬೇಕಾದಾಗ ರೆಕಾರ್ಡರ್‌ನಲ್ಲೇ ಮಾಡುತ್ತೇನೆ, ಟ್ಯಾಬ್‌ನಲ್ಲಿ ಅಲ್ಲವೇ ಅಲ್ಲ.

ಫ್ಯಾಟ್32ನಲ್ಲಿ ಒಂದು ಫೈಲ್ 4 ಜಿಬಿ ದಾಟುವಂತಿಲ್ಲ. ನನ್ನ ರೆಕಾರ್ಡರ್ 2 ಜಿಬಿಗೇ ಫೈಲ್ ಮುಗಿಸಿ ಹೊಸದು ಶುರು ಮಾಡುತ್ತದೆ. ಅದಕ್ಕೆ ಪದ್ಯದ ಮರ್ಯಾದೆ ಗೊತ್ತಿಲ್ಲ, ರಭಸದ ಏರು ಪದ್ಯದ ನಡುವೆಯೇ ಕತ್ತರಿಸುತ್ತದೆ. ಆದ್ದರಿಂದ ಕಾಪಿ ಮಾಡುವಾಗ ಬೇಕಾದ ಭಾಗ ಮಾತ್ರ ಆರಿಸಲು ಹೋಗುವುದಿಲ್ಲ. ಇಡೀ ಫೋಲ್ಡರ್ ಎಳೆದುಕೊಂಡು, ಪ್ರಸಂಗದ ಹೆಸರು ಮತ್ತು ತಾರೀಕು ಹಾಕಿ ಇಡುತ್ತೇನೆ. ಆಮೇಲೆ ಎರಡೂ ಕಡೆ ಫೈಲ್ ಗಾತ್ರ ಒಂದೇ ಇದೆಯಾ ನೋಡಿ, ಕೊನೆಯ ಫೈಲ್‌ನ ಕೊನೆಯ ನಿಮಿಷ ಕೇಳಿ, 'ಎಜೆಕ್ಟ್' ಒತ್ತಿ, ಆಮೇಲಷ್ಟೇ ರೀಡರ್ ಕೀಳುತ್ತೇನೆ. ಸುಮ್ನೆ ಎಳೆದರೂ ಹೆಚ್ಚಿನ ಸಲ ಏನೂ ಆಗುವುದಿಲ್ಲ. ಆಗುವ ಒಂದು ಸಲ ಯಾವಾಗ ಅಂತ ಯಾರಿಗೆ ಗೊತ್ತು!

ರೀಡರ್‌ನಲ್ಲಿ ದುಡ್ಡು ಉಳಿಸಿ, ಕಾರ್ಡ್‌ನಲ್ಲಿ ಬೇಡ. ರೀಡರ್ ಕೆಟ್ಟರೆ ಇನ್ನೊಂದು ತರಬಹುದು, ರೆಕಾರ್ಡಿಂಗ್ ಇರುವುದು ಕಾರ್ಡ್‌ನಲ್ಲಿ. ಸಂತೆಯಲ್ಲಿ ಸಿಗುವ ಅಗ್ಗದ ಕಾರ್ಡ್‌ಗಳಲ್ಲಿ ನಕಲಿ ಜಾಸ್ತಿ. ಮೇಲೆ 128 ಜಿಬಿ ಅಂತ ಬರೆದಿರುತ್ತದೆ, ಟ್ಯಾಬ್ ಕೂಡ 128 ಅಂತಲೇ ತೋರಿಸುತ್ತದೆ, ಒಳಗೆ ನಿಜಕ್ಕೂ ಇರುವುದು 8 ಜಿಬಿ. ಅದು ತುಂಬಿದ ಮೇಲೆ ಬರೆದದ್ದೆಲ್ಲ ಹಾಳು, ಒಮ್ಮೊಮ್ಮೆ ಹಳೆಯದರ ಮೇಲೆಯೇ ಬರೆದುಬಿಡುತ್ತದೆ. ಫೈಲ್ ಹೆಸರು ಕಾಣುತ್ತದೆ, ತೆರೆದರೆ ಶಬ್ದ ಇಲ್ಲ. ಹೊಸ ಕಾರ್ಡ್ ತಂದರೆ ಪೂರ್ತಿ ತುಂಬುವಷ್ಟು ಫೈಲ್ ಹಾಕಿ, ಮತ್ತೆ ಓದಿಸಿ ನೋಡುತ್ತೇನೆ. ಕಂಪ್ಯೂಟರ್ ಇರುವವರಿಗೆ ಎಚ್2ಟೆಸ್ಟ್‌ಡಬ್ಲ್ಯೂ, ಎಫ್3 ಎಂಬ ಪುಕ್ಕಟೆ ತಂತ್ರಾಂಶಗಳು ಈ ಕೆಲಸವನ್ನೇ ಮಾಡುತ್ತವೆ.

ಐಪ್ಯಾಡ್ ಇರುವ ಗೆಳೆಯರೂ ಕೇಳುತ್ತಾರೆ. 2019ರಲ್ಲಿ ಬಂದ ಐಪ್ಯಾಡ್‌ಓಎಸ್ 13ರಿಂದ ಫೈಲ್ಸ್ ಆ್ಯಪ್‌ನಲ್ಲೇ ಹೊರಗಿನ ಕಾರ್ಡ್ ಕಾಣುತ್ತದೆ, ಧ್ವನಿ ಫೈಲ್ ಎಳೆಯಬಹುದು. ಅದಕ್ಕೂ ಹಿಂದಿನದಾದರೆ ಕ್ಯಾಮೆರಾದ ಫೋಟೋ, ವಿಡಿಯೋ ಮಾತ್ರ ಒಳಗೆ ಬರುತ್ತಿತ್ತು. ಟೈಪ್-ಸಿ ಇರುವ ಐಪ್ಯಾಡ್‌ಗೆ ನನ್ನ ಇದೇ ರೀಡರ್ ಸಾಕಾಯಿತು.

ಟ್ಯಾಬ್ ಸೇರಿದ ಫೈಲ್‌ಗಳನ್ನು ಅಲ್ಲೇ ಕತ್ತರಿಸಿ 128 ಕೆಬಿಪಿಎಸ್ ಎಂಪಿ3 ಮಾಡಿದರೆ ಗಂಟೆಗೆ 58 ಎಂಬಿಗಿಂತ ಕಡಿಮೆ, ವಾಟ್ಸಾಪ್‌ನಲ್ಲಿ ಸಲೀಸಾಗಿ ಹೋಗುತ್ತದೆ. ಮೂಲ ವೇವ್ ಇನ್ನೊಂದು ಕಡೆಗೂ ನಕಲಾಗುವವರೆಗೆ ಕಾರ್ಡ್ ಅಳಿಸುವುದಿಲ್ಲ. ಈಚೆಗೆ ರೀಡರ್‌ನ ದೊಡ್ಡ ಎಸ್‌ಡಿ ಕಿಂಡಿ ಸಡಿಲವಾಗಿದೆ, ಕಾರ್ಡ್ ಸ್ವಲ್ಪ ಒತ್ತಿ ಹಿಡಿಯಬೇಕು. ಮೈಕ್ರೋ ಕಿಂಡಿ ಇನ್ನೂ ಗಟ್ಟಿಯಾಗಿದೆ. ಮೇಳಗಳ ತಿರುಗಾಟ ಮುಗಿಯುವ ಪತ್ತನಾಜೆವರೆಗೆ ಇದರಲ್ಲೇ ಓಡಿಸಿ, ಮುಂದಿನ ತಿರುಗಾಟಕ್ಕೆ ವೈರ್ ಇರುವ ಒಂದನ್ನು ತರುತ್ತೇನೆ.