ತೊಡೆಸಂದು ನೋವಾ? ಎಲ್ಲಿ ಒತ್ತಬೇಕು, ಎಲ್ಲಿ ಒತ್ತಬಾರದು, ಒತ್ತಿದ ಮೇಲೆ ಎಂತ ಮಾಡ್ಬೇಕು

ಮಳೆಗಾಲ ಮುಗಿದ್ರೆ ಸಾಕು ಕಾರವಾರ, ಅಂಕೋಲಾ, ಕುಮಟಾ ಕಡೆ ಹೊನಲು ಬೆಳಕಿನ ಕಬಡ್ಡಿ ಶುರು ಆಗ್ತದೆ, ಅದ್ರ ಹಿಂದೇನೇ ತೊಡೆಸಂದು ಹಿಡ್ಕೊಂಡು ಕುಂಟೋ ರೈಡರ್‌ಗಳೂ ಕಾಣ್ತಾರೆ. ಎದುರಾಳಿಯನ್ನ ಕಾಲ್ಬೆರಳಿಂದ ಮುಟ್ಟೋ ಟೋ ಟಚ್‌ಗೆ ಕಾಲು ಚಾಚಿದಾಗ, ಫುಟ್ಬಾಲ್‌ನಲ್ಲಿ ಓಡ್ತಾ ಓಡ್ತಾ ತಟ್ಟನೆ ದಿಕ್ಕು ಬದಲಿಸಿದಾಗ ತೊಡೆ ಒಳಬದಿಯ ಅಡಕ್ಟರ್ ಸ್ನಾಯು ಮೇಲೆ ಸಿಕ್ಕಾಪಟ್ಟೆ ಎಳೆತ ಬೀಳ್ತದೆ. ಆಮೇಲೆ ಕೈಬಲ ಇದ್ದೋರ ಹತ್ರ ಕೊಬ್ಬರಿ ಎಣ್ಣೆ ಹಾಕಿ ಗಟ್ಟಿ ತಿಕ್ಕಿಸ್ಕೊಂಡು ಮಾರನೇ ದಿನ ಮತ್ತೆ ಕೋರ್ಟಿಗೆ ಇಳಿಯೋದು, ಇದೇ ನಮ್ಮಲ್ಲಿ ನಡೀತಾ ಇರೋದು. ತಿಕ್ಕೋದ್ರಿಂದ ಬಿಗಿ ಸಡಿಲ ಆಗ್ತದೆ, ನೋವು ಸ್ವಲ್ಪ ಹೊತ್ತು ಕಮ್ಮಿ ಆಗ್ತದೆ, ಅಷ್ಟೇ. ಆ ಸ್ವಲ್ಪ ಹೊತ್ತಲ್ಲಿ ಸ್ನಾಯುಗೆ ಬಲ ತುಂಬೋ ವ್ಯಾಯಾಮ ಮಾಡದಿದ್ರೆ ನೋವು ವಾಪಸ್ ಬರ್ತದೆ.

ಮೊದ್ಲು ನೋವು ಎಲ್ಲಿಂದ ಅಂತ ನೋಡ್ಕೊಳ್ಳಿ. ಅಂಗಾತ ಮಲಗಿ ಮಂಡಿ ಮಡಚಿ, ಮಂಡಿ ನಡುವೆ ಒಂದು ಫುಟ್ಬಾಲ್ ಇಟ್ಟು ನಿಧಾನ ಅಮುಕಿ. ತೊಡೆ ಒಳಗೆ ಮೇಲ್ಗಡೆ, ಮೂಳೆಗೆ ಅಂಟೋ ಜಾಗದಲ್ಲಿ ನಿಮ್ಮ ಹಳೇ ನೋವೇ ಬಂದ್ರೆ ಹೆಚ್ಚಾಗಿ ಅಡಕ್ಟರ್. ಮಂಡಿ ಎದೆ ಕಡೆ ಎತ್ತುವಾಗ ಯಾರಾದ್ರೂ ಕೈಯಿಂದ ತಡೆದ್ರೆ ಮುಂಭಾಗ ನೋಯ್ತದಾ, ಹಾಗಾದ್ರೆ ಸೊಂಟ ಮಡಚೋ ಸ್ನಾಯು ಇರಬಹುದು. ಕಾಲು ಒಳಕ್ಕೆ ತಿರುಗಿಸಿದಾಗ ಅಥವಾ ತುಂಬಾ ಹೊತ್ತು ಕೂತಾಗ ಕೀಲಿನ ಆಳದಲ್ಲಿ ಚುಚ್ಚಿದ್ರೆ ಅದು ಕೀಲಿಂದೇ ಇರಬಹುದು, ಮೇಲಿಂದ ಒತ್ತಿ ಅದು ಸರಿ ಆಗೋದಲ್ಲ, ಫಿಸಿಯೋ ಅಥವಾ ಆರ್ಥೋ ಡಾಕ್ಟರಿಗೆ ತೋರಿಸಿ.

ಒತ್ತಲೇಬಾರದ ಹೊತ್ತೂ ಇದೆ, ಇದನ್ನ ದಯವಿಟ್ಟು ಹಾರಿಸ್ಬೇಡಿ. ಆಡುವಾಗ ಟಪ್ ಅಂತ ಕಿತ್ತ ಹಾಗಾಗಿ, ಬಾತು, ನೀಲಿಗಟ್ಟಿದ್ರೆ ಮೊದಲ ಎರಡು ಮೂರು ದಿನ ಕೈ ಹಚ್ಚಬೇಡಿ, ಎಣ್ಣೆನೂ ಬೇಡ, ಶಾಖನೂ ಬೇಡ. ಕೆಮ್ಮಿದಾಗ ಸಂದಿಯಲ್ಲಿ ಗಂಟು ಉಬ್ಬಿದ್ರೆ ಹರ್ನಿಯಾ ಇರಬಹುದು. ವೃಷಣ ನೋವು ಇದ್ರೆ ತಡ ಮಾಡದೆ ಅವತ್ತೇ ಆಸ್ಪತ್ರೆಗೆ. ಜ್ವರ, ರಾತ್ರಿ ನಿದ್ದೆ ಕೆಡಿಸೋ ನೋವು, ಕಾಲಿಗೆ ಭಾರ ಹಾಕೋಕೆ ಆಗದಿರೋದು, ಓಟಗಾರರಿಗೆ ಒಂಟಿಕಾಲಲ್ಲಿ ಕುಪ್ಪಳಿಸಿದಾಗ ಆಳದಲ್ಲಿ ನೋವು, ಇವೆಲ್ಲ ಡಾಕ್ಟರ್ ನೋಡ್ಬೇಕಾದ್ದು. ಹೈಸ್ಕೂಲ್ ಮಕ್ಕಳು ಕುಂಟ್ತಾ ಇದ್ರೆ ಅಂತೂ ಎಕ್ಸ್‌ರೇ ಆಗೋ ತನಕ ಆಟನೂ ಬೇಡ, ತಿಕ್ಕೋದೂ ಬೇಡ, ಆ ವಯಸ್ಸಲ್ಲಿ ತೊಡೆಮೂಳೆಯ ತಲೆ ಜಾರೋ ಸಮಸ್ಯೆ ಬರ್ತದೆ, ಎಷ್ಟೋ ಸಲ ನೋವು ಬರೀ ಮಂಡಿಯಲ್ಲಿ ಕಾಣಿಸ್ತದೆ.

ಇನ್ನು ಒತ್ತೋದು. ಈ ಜಾಗಕ್ಕೆ ತಮ್ಮ ಕೈಯಿಂದ ತಾವೇ ಒತ್ಕೊಳ್ಳೋದು ಒಳ್ಳೇದು. ಕೋಚ್‌ಗಳಿಗೆ ಕೈಮುಗಿದು ಹೇಳ್ತೇನೆ, ಮಕ್ಕಳಿಗೆ, ಹುಡುಗಿಯರಿಗೆ ನೀವು ಒತ್ತೋಕೆ ಹೋಗ್ಬೇಡಿ, ಹೇಗೆ ಅಂತ ಹೇಳಿಕೊಡಿ ಸಾಕು. ಗೋಡೆಗೆ ಒರಗಿ ಕೂತು, ನೋವಿರೋ ಕಾಲಿನ ಮಂಡಿ ಮಡಚಿ ಹೊರಕ್ಕೆ ಬಿಡಿ, ಕೆಳಗೆ ದಿಂಬು ಇಡಿ, ಕಾಲು ಪೂರ್ತಿ ಸಡಿಲ ಆಗ್ಬೇಕು. ನಾಲ್ಕು ಹನಿ ಎಣ್ಣೆ ಸಾಕು, ಜಾಸ್ತಿ ಆದ್ರೆ ಬೆರಳು ಜಾರಿ ಸ್ನಾಯು ಸಿಗೋದಿಲ್ಲ. ಮಂಡಿಯ ಸ್ವಲ್ಪ ಮೇಲಿಂದ ಅಂಗೈಯಲ್ಲಿ ಮೇಲಕ್ಕೆ ಎರಡು ನಿಮಿಷ ನಿಧಾನ ಸವರಿ. ಆಮೇಲೆ ಕಾಲು ಒಳಕ್ಕೆ ಒತ್ತಿ ನೋಡಿ, ಒಳತೊಡೆಯಲ್ಲಿ ಹಗ್ಗದ ಹಾಗೆ ಒಂದು ಗಟ್ಟಿ ಎದ್ದು ಬರ್ತದೆ, ಅದೇ ಅಡಕ್ಟರ್ ಲಾಂಗಸ್. ಮೂಳೆಗೆ ಅಂಟಿದ ತುದಿ ಬಿಟ್ಟು, ಕೆಳಗಿನ ದಪ್ಪ ಮಾಂಸದ ಭಾಗವನ್ನ ಹೆಬ್ಬೆರಳಿಂದ ಅರ್ಧ ನಿಮಿಷ ಹಿಡಿದಿಡಿ, ಹತ್ತರಲ್ಲಿ ನಾಲ್ಕಕ್ಕಿಂತ ಜಾಸ್ತಿ ನೋವಾದ್ರೆ ಒತ್ತಡ ಕಮ್ಮಿ ಮಾಡಿ. ಹಾಗೇ ಹಿಡ್ಕೊಂಡು ಮಂಡಿಯನ್ನ ಒಳಗೆ ಹೊರಗೆ ನಾಲ್ಕೈದು ಸಲ ಆಡಿಸಿ. ಸಂದಿನ ಮುಂಭಾಗ ಬೆರಳಿಗೆ ನಾಡಿ ಬಡಿತ ಸಿಕ್ರೆ ತಕ್ಷಣ ಜಾಗ ಬಿಡಿ, ಅಲ್ಲಿ ದೊಡ್ಡ ರಕ್ತನಾಳ, ನರ ಹೋಗ್ತದೆ.

ಪೃಷ್ಠದ ಪಕ್ಕದ ಬಿಗಿಗೆ ಕ್ರಿಕೆಟ್ ಆಡೋ ಟೆನಿಸ್ ಬಾಲ್ ಸಾಕು, ಗೋಡೆಗೂ ಸೊಂಟಕ್ಕೂ ನಡುವೆ ಇಟ್ಟು ಉರುಳಿಸಿ. ತೊಡೆ ಮುಂಭಾಗಕ್ಕೆ ಚಪಾತಿ ಲಟ್ಟಣಿಗೆ. ಹೊಟ್ಟೆ ಮೂಲಕ ಆಳದ ಸ್ನಾಯು ಒತ್ತೋದನ್ನ ಮಾತ್ರ ಮನೇಲಿ ಮಾಡ್ಬೇಡಿ.

ಎಲ್ಲಾ ಸೇರಿ ಹತ್ತು ನಿಮಿಷ. ಈಗ ಮತ್ತೆ ಫುಟ್ಬಾಲ್ ಅಮುಕಿ ನೋಡಿ. ನೋವು ಮೊದಲಿಗಿಂತ ಕಮ್ಮಿ ಇದ್ರೆ ಕೂಡ್ಲೇ ವ್ಯಾಯಾಮ ಶುರು: ಬಾಲ್ ಪಾದಗಳ ನಡುವೆ ಇಟ್ಟು 30 ಸೆಕೆಂಡ್ ಅಮುಕೋದು, ಹತ್ತು ಸಲ, ಆಮೇಲೆ ಮಂಡಿ ನಡುವೆ ಇಟ್ಟು ಅದೇ ಥರ. ಇದು ಡೆನ್ಮಾರ್ಕ್‌ನ ಡಾಕ್ಟರ್ ಹೋಲ್ಮಿಶ್ ಅವರ ಸಂಶೋಧನಾ ತಂಡದ್ದು, 1999ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಹಳೇ ಅಡಕ್ಟರ್ ನೋವಿನ ಆಟಗಾರರಲ್ಲಿ ವ್ಯಾಯಾಮ ಮಾಡಿದ 29 ಜನರಲ್ಲಿ 23 ಮಂದಿ ನೋವಿಲ್ಲದೆ ಆಟಕ್ಕೆ ವಾಪಸ್ ಬಂದ್ರು, ಬರೀ ಮಸಾಜು, ಲೇಸರ್, ಸ್ಟ್ರೆಚಿಂಗ್, ಕರೆಂಟ್ ಟ್ರೀಟ್‌ಮೆಂಟ್ ತಗೊಂಡ 30 ಜನರಲ್ಲಿ ನಾಲ್ಕೇ ಮಂದಿ. ಅದಕ್ಕೇ ನಾನು ಇಷ್ಟು ಒತ್ತಿ ಹೇಳ್ತಿರೋದು. ಅವರೂ 8ರಿಂದ 12 ವಾರ ವ್ಯಾಯಾಮ ಮಾಡಿದ್ರು, ಹಾಗಾಗಿ ಮುಂದಿನ ಭಾನುವಾರದ ಮ್ಯಾಚಿಗೆ ಸರಿ ಮಾಡಿ ಕೊಡ್ತೇನೆ ಅನ್ನೋರನ್ನ ನಂಬಬೇಡಿ.

ಓಟ ಮತ್ತೆ ಶುರು ಮಾಡುವಾಗ ಟ್ಯಾಗೋರ್ ಬೀಚಿನ ಮೆತ್ತನೆ ಮರಳು ಬೇಡ, ಕಾಲು ಹೂತು ಸಂದಿಗೆ ಭಾರ ಜಾಸ್ತಿ. ನೀರು ಇಳಿದಾಗ ಸಿಗೋ ಗಟ್ಟಿ ಮರಳಲ್ಲಿ ಓಡಿ, ಇಳಿಜಾರಿದ್ರೆ ಹೋಗ್ತಾ ಎಷ್ಟೋ ಬರ್ತಾ ಅಷ್ಟೇ ದೂರ, ಇಲ್ದಿದ್ರೆ ಒಂದೇ ಕಾಲಿಗೆ ಹೊಡೆತ. ಶಿರಸಿ ಕಡೆಯೋರು ಏರು ರಸ್ತೆ ಬಿಟ್ಟು ಸಮತಟ್ಟು ಮೈದಾನ ಹುಡುಕಿ. ನೇರ ಓಟ, ಆಮೇಲೆ ತಿರುವು, ಆಮೇಲೆ ಒದೆಯೋದು, ಟೋ ಟಚ್ ಕಟ್ಟಕಡೆಗೆ. ಮಾರನೇ ಬೆಳಿಗ್ಗೆ ಬಾಲ್ ಅಮುಕಿದಾಗ ನೋವು ಹಿಂದಿನ ದಿನಕ್ಕಿಂತ ಜಾಸ್ತಿ ಆಗಿದ್ರೆ ಒಂದು ಮೆಟ್ಟಿಲು ಕೆಳಗಿಳೀರಿ, ಎರಡು ಮೂರು ವಾರದಲ್ಲಿ ಸ್ವಲ್ಪನೂ ಸುಧಾರಿಸದಿದ್ರೆ ಫಿಸಿಯೋ ಹತ್ರ ಹೋಗಿ.