ಮರುನುಡಿಯಿಂದ ಸ್ವಂತ ಮಾತಿಗೆ: ಆಟಿಸಂ ಇರುವ ಪುಟ್ಟ ಮಕ್ಕಳೊಡನೆ ನನ್ನ ಅನುಭವ

ಮೈಸೂರಿನಲ್ಲಿ ವಾಕ್ ಚಿಕಿತ್ಸಕಿಯಾಗಿರುವ ನನ್ನ ಬಳಿಗೆ ಎರಡು-ಮೂರು ವರ್ಷದ ಮಕ್ಕಳನ್ನು ಕರೆತರುವ ತಾಯಂದಿರು ಹೇಳುವುದು ಹೆಚ್ಚುಕಡಿಮೆ ಒಂದೇ ಮಾತು: ‘ಹೆಸರು ಹಿಡಿದು ಕರೆದರೆ ತಿರುಗೋದಿಲ್ಲ ಮೇಡಂ, ಬಿಸ್ಕತ್ ಪೊಟ್ಟಣದ ಸದ್ದಾದರೆ ಮಾತ್ರ ಓಡಿ ಬರ್ತಾನೆ.’ ಹಾಗಿದ್ದರೂ ಶ್ರವಣ ಪರೀಕ್ಷೆಯನ್ನು, ಅಗತ್ಯಬಿದ್ದರೆ ಸದ್ದಿಗೆ ಶ್ರವಣ ನರ ಮತ್ತು ಮಿದುಳಿನ ಕಾಂಡ ಸ್ಪಂದಿಸುವುದನ್ನು ಅಳೆಯುವ ಬೆರಾ ಪರೀಕ್ಷೆಯನ್ನೂ ಮಾಡಿಸದೆ ನಾನು ಮುಂದುವರಿಯುವುದಿಲ್ಲ. ಕೆಲವು ಸದ್ದುಗಳಷ್ಟೇ ಕೇಳಿಸುವ ಮಗುವೂ ಹೀಗೆಯೇ ವರ್ತಿಸಬಲ್ಲದು.

ಎಷ್ಟು ಪದ ಬರುತ್ತದೆ ಎಂದು ಕೇಳುವ ಮೊದಲು, ಮಗು ಬೆರಳು ಮಾಡಿ ತೋರಿಸುತ್ತದೆಯೇ, ತೋರಿಸಿದ ಮೇಲೆ ನಮ್ಮ ಮುಖ ನೋಡುತ್ತದೆಯೇ ಎಂದು ಗಮನಿಸುತ್ತೇನೆ. ಸಾಮಾನ್ಯವಾಗಿ ಒಂದು ವರ್ಷದ ಆಸುಪಾಸಿನಲ್ಲಿ ಮೂಡುವ ಈ ಜಂಟಿ ಗಮನ ಆಟಿಸಂ ಇರುವ ಮಕ್ಕಳಲ್ಲಿ ತಡವಾಗುತ್ತದೆ. ಹಲವರು ಅಮ್ಮನ ಕೈಯನ್ನೇ ಎಳೆದೊಯ್ದು ಡಬ್ಬದ ಮೇಲಿಡುತ್ತಾರೆ. ಆದ್ದರಿಂದ ಮಗು ಆಟದ ಕಾರಿನ ಚಕ್ರ ತಿರುಗಿಸುತ್ತಿದ್ದರೆ ನಾನೂ ಎದುರು ಕುಳಿತು ಇನ್ನೊಂದು ಕಾರಿನ ಚಕ್ರ ತಿರುಗಿಸಿ, ‘ತಿರುಗ್ತು’ ಎಂದಷ್ಟೇ ಹೇಳಿ, ಸುಮ್ಮನೆ ಕಾಯುತ್ತೇನೆ. ಮನೆಯವರಿಗೆ ಎಲ್ಲಕ್ಕಿಂತ ಕಷ್ಟವಾಗುವುದು ಈ ಕಾಯುವ ಕೆಲಸವೇ. ‘ಹೇಳು ಪುಟ್ಟಾ, ಹೇಳು’ ಎನ್ನದೆ ಇರಲು ಅವರಿಂದಾಗುವುದಿಲ್ಲ.

ನನ್ನಲ್ಲಿಗೆ ಬರುತ್ತಿದ್ದ ಒಬ್ಬ ಹುಡುಗ ಬಾಯಾರಿದಾಗಲೆಲ್ಲ ಅಮ್ಮನ ರಾಗದಲ್ಲೇ ‘ನಿಂಗೆ ನೀರು ಬೇಕಾ ಪುಟ್ಟಾ?’ ಎನ್ನುತ್ತಿದ್ದ. ಕೇಳಿದ ಮಾತನ್ನು ಹಾಗೆಯೇ ಮರಳಿ ಹೇಳುವ ಈ ಮರುನುಡಿಯನ್ನು ಮನೆಯವರು ಅರ್ಥವಿಲ್ಲದ ಗಿಣಿಪಾಠವೆಂದು ಭಾವಿಸಿದ್ದರು. ಆದರೆ ಲೋಟದ ಕಡೆಗೇ ನೋಡುತ್ತ ಹೇಳುತ್ತಿದ್ದಾನೆಂದ ಮೇಲೆ ಅದು ಕೋರಿಕೆಯೇ. ಕೇಳಿದ ವಾಕ್ಯವನ್ನು ಇಡಿಯಾಗಿ ಎತ್ತಿಕೊಳ್ಳುವುದರಿಂದ ‘ನಂಗೆ’ ಬರಬೇಕಾದಲ್ಲಿ ‘ನಿಂಗೆ’ ಉಳಿದುಬಿಡುತ್ತದೆ. ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ ಆಟಿಸಂ ಕುರಿತ 1943ರ ತಮ್ಮ ಲೇಖನದಲ್ಲೇ ಇದನ್ನು ದಾಖಲಿಸಿದ್ದಾರೆ. ‘ನಿಂಗೆ ಅಲ್ಲ, ನಂಗೆ ಅನ್ನು’ ಎಂದು ತಿದ್ದಿದರೆ ಮಗು ಆ ತಿದ್ದುಪಡಿಯನ್ನೂ ಸೇರಿಸಿಕೊಂಡು ಒಪ್ಪಿಸುತ್ತದೆ. ಹಾಗಾಗಿ ಅವನ ಪಕ್ಕದಲ್ಲಿ, ಅವನು ನೋಡುವ ದಿಕ್ಕಿಗೇ ಮುಖಮಾಡಿ ಕುಳಿತು, ಅವನ ಪರವಾಗಿ ‘ನೀರು ಬೇಕು’ ಎಂದು ಹೇಳಿ, ಕೂಡಲೇ ಲೋಟವನ್ನು ಕೈಗಿಡುವಂತೆ ತಾಯಿಗೆ ತೋರಿಸಿಕೊಟ್ಟೆ. ‘ಬೇಕಾ’ ಎಂಬುದು ಮೊದಲು ‘ಬೇಕು’ ಆಯಿತು. ‘ನಂಗೆ’ ಬರಲು ತಿಂಗಳುಗಳೇ ಹಿಡಿದವು. ಕನ್ನಡದಲ್ಲಿ ‘ನೀರು ಬೇಕು’ ಎಂದರೂ ವಾಕ್ಯ ಪೂರ್ಣವೇ ಆದ್ದರಿಂದ ನಾನು ಅವಸರಪಡಿಸಲಿಲ್ಲ.

ಇನ್ನೂ ಮಾತು ಹೊರಡದ ಮಕ್ಕಳಿಗೆ, ಬೇಕಾದದ್ದನ್ನು ತೋರಿಸಿ ಕೇಳಲು ಚಿತ್ರದ ಕಾರ್ಡುಗಳನ್ನು ಆರಂಭದಲ್ಲೇ ಕೊಡುತ್ತೇನೆ. ಇದರಿಂದ ಮಾತು ನಿಂತುಹೋಗುತ್ತದೆಂಬ ಭಯ ಹಿರಿಯರಲ್ಲಿ ಬಲವಾಗಿದೆ. ಅಧ್ಯಯನಗಳು ಅದನ್ನು ಸಮರ್ಥಿಸುವುದಿಲ್ಲ. ಮನೆಯಲ್ಲಿ ಎರಡು ಭಾಷೆಗಳಿದ್ದರೆ ಈ ಮಕ್ಕಳ ಮಾತು ಮತ್ತಷ್ಟು ತಡವಾಗುತ್ತದೆ ಎಂಬುದಕ್ಕೂ ಆಧಾರ ಸಿಕ್ಕಿಲ್ಲ. ಆದರೂ ‘ಶಾಲೆಯಲ್ಲಿ ಬೇಕಾಗುವ ಇಂಗ್ಲಿಷನ್ನೇ ಮನೆಯಲ್ಲೂ ಆಡಿ’ ಎಂಬ ಸಲಹೆಯನ್ನು ಎಲ್ಲಿಂದಲೋ ಪಡೆದು ಬರುವವರು ಈಗಲೂ ಇದ್ದಾರೆ. ರೂಢಿಯಿಲ್ಲದ ಭಾಷೆಗೆ ಹೊರಳಿದ ಮನೆಯಲ್ಲಿ ಮಗುವಿನ ಕಿವಿಗೆ ಬೀಳುವ ಮಾತೇ ಕಡಿಮೆಯಾಗುತ್ತದೆ, ಅಜ್ಜಿಯಂತೂ ಮೌನವಾಗುತ್ತಾರೆ. ಅಂಥವರಿಗೆ, ಸ್ನಾನ, ಊಟ, ಬಟ್ಟೆ ಮಡಚುವ ಹೊತ್ತಿನಲ್ಲಿ ಆಡುವ ಕನ್ನಡವನ್ನೇ ಮುಂದುವರಿಸಿ ಎಂದು ಚೀಟಿಯಲ್ಲೇ ಬರೆದುಕೊಡುತ್ತೇನೆ.