ಕೋಳಿಬುಟ್ಟಿಯ ದೀಪ, ಖಣದ ಶೇಡ್: ಬಾಡಿಗೆ ಮನೆಯ ಬೆಳಕು ಬದಲಿಸಿದ ನನ್ನ ಅನುಭವ

ನಮ್ಮ ಹಾಲ್‌ನ ಟ್ಯೂಬ್‌ಲೈಟ್ ಈಗ ಹೊತ್ತುವುದು ಎರಡೇ ಕೆಲಸಕ್ಕೆ. ಒಂದು ಕಸ ಗುಡಿಸುವಾಗ, ಇನ್ನೊಂದು ಸೋಫಾದ ಕೆಳಗೆ ಏನಾದರೂ ಬಿದ್ದು ಹುಡುಕುವಾಗ. ಉಳಿದ ಹೊತ್ತೆಲ್ಲ ಮನೆಗೆ ಬೆಳಕು ಕೊಡುವುದು ಕೋಳಿ ಮುಚ್ಚುವ ಒಂದು ಬಿದಿರು ಬುಟ್ಟಿ, ಒಂದು ಆಕಾಶಬುಟ್ಟಿ, ಕುಪ್ಪಸಕ್ಕೆಂದು ನೇಯುವ ಖಣದ ಬಟ್ಟೆ ಸುತ್ತಿದ ಮೇಜುದೀಪ ಮತ್ತು ಒಂದು ತೊಗಲುಗೊಂಬೆ.

ಬೆಂಗಳೂರಿನ ಎರಡು ಬೆಡ್‌ರೂಮಿನ ಬಾಡಿಗೆ ಫ್ಲ್ಯಾಟ್ ನಮ್ಮದು. ಬಿಳಿ ಗೋಡೆ, ಕನ್ನಡಿಯಂತೆ ಹೊಳೆಯುವ ವಿಟ್ರಿಫೈಡ್ ಟೈಲ್ಸ್, ಪ್ರತಿ ಕೋಣೆಯಲ್ಲೂ ಗೋಡೆಯ ತುದಿಗೆ ಒಂದು ಟ್ಯೂಬ್. ಗೋಡೆಗೆ ಹೊಸ ತೂತು ಕೊರೆಯಬಾರದು ಎಂದು ಮಾಲೀಕರು ಕರಾರಿನಲ್ಲೇ ಬರೆಸಿದ್ದರು, ಹಾಗಾಗಿ ಫಾಲ್ಸ್ ಸೀಲಿಂಗಿನ ಮಾತೇ ಇರಲಿಲ್ಲ. ಸೋಫಾ, ಕಪಾಟು, ಪರದೆ ಯಾವುದನ್ನೂ ನಾನು ಬದಲಿಸಲಿಲ್ಲ. ಬೆಳಕು ಎಲ್ಲಿಂದ ಬರಬೇಕು, ಏನನ್ನು ದಾಟಿ ಬರಬೇಕು, ಯಾವುದರ ಮೇಲೆ ಬೀಳಬೇಕು ಎಂಬುದನ್ನಷ್ಟೇ ಬದಲಿಸಿದೆ. ಮನೆಗೆ ಬಂದವರು ಸೋಫಾ ಹೊಸದಾ ಎಂದು ಕೇಳುತ್ತಾರೆ. ಮನೆ ಚೆಂದ ಮಾಡಬೇಕೆಂದು ಯಾರಾದರೂ ನನ್ನನ್ನು ಕೇಳಿದರೆ, ಶೋಪೀಸ್ ಕೊಳ್ಳುವ ಮೊದಲು ಬಲ್ಬಿನ ಕಡೆ ನೋಡಿ ಎನ್ನುತ್ತೇನೆ.

ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ ಬಲ್ಬು ಕೇಳಿದರೆ ಮರುಪ್ರಶ್ನೆ ಒಂದೇ: "ವೈಟಾ, ಯೆಲ್ಲೋನಾ?" ವೈಟ್ ಅಂದರೆ ಬಹುಪಾಲು 6500 ಕೆಲ್ವಿನ್, ಯೆಲ್ಲೋ ಅಂದರೆ 2700 ಅಥವಾ 3000 ಕೆಲ್ವಿನ್. ಬೆಳಕಿನ ಬಣ್ಣದ ಅಳತೆ ಇದು, ಕಡಿಮೆ ಇದ್ದಷ್ಟೂ ಹಳದಿ. ಈ ಅಂಕಿ ಡಬ್ಬಿಯ ಮೇಲೆ ಸಣ್ಣ ಅಕ್ಷರದಲ್ಲಿ ಇರುತ್ತದೆ. ಬಿಳಿ ಎಲ್‌ಇಡಿಯ ಒಳಗೆ ಇರುವುದು ನೀಲಿ ಬೆಳಕಿನ ಚಿಪ್, ಅದರ ಮೇಲೆ ಹಳದಿ ಫಾಸ್ಫರ್ ಲೇಪ. ಲೇಪದ ಬಗೆ ಮತ್ತು ಪ್ರಮಾಣ ಬದಲಾದಂತೆ ಬೆಳಕು ನೀಲಿಯತ್ತಲೋ ಕೆಂಪಿನತ್ತಲೋ ವಾಲುತ್ತದೆ. ಹಾಲ್ ಮತ್ತು ಮಲಗುವ ಕೋಣೆಗೆ ನಾನು ಎಲ್ಲವನ್ನೂ 2700ರಲ್ಲೇ ತಂದೆ. ಒಂದೇ ಕೋಣೆಯಲ್ಲಿ 2700 ಮತ್ತು 6500 ಬೆರೆತರೆ ಎಷ್ಟೇ ಚೆಂದದ ವಸ್ತು ಇಟ್ಟರೂ ಕಣ್ಣಿಗೆ ಕಿರಿಕಿರಿ. ಅಡುಗೆಮನೆಗೆ ಮಾತ್ರ 4000. ಅಲ್ಲಿ ಸೊಪ್ಪಿನ ಹಸಿರು, ಅಕ್ಕಿಯಲ್ಲಿನ ಕಲ್ಲು ಕಾಣಬೇಕು.

ಇನ್ನೊಂದು ಅಂಕಿ ಸಿ.ಆರ್.ಐ. ಬಣ್ಣಗಳು ಎಷ್ಟು ನಿಜವಾಗಿ ಕಾಣುತ್ತವೆ ಎಂಬುದರ ಅಳತೆ ಅದು, ಪೂರ್ಣ ಅಂಕ 100. ಸಾಮಾನ್ಯ ಬಲ್ಬುಗಳಲ್ಲಿ 80ರ ಆಸುಪಾಸು ಇರುತ್ತದೆ, ಹುಡುಕಿದರೆ 90ರದ್ದೂ ಸಿಗುತ್ತದೆ. ಈ ಅಂಕ ಲೆಕ್ಕ ಹಾಕಲು ಬಳಸುವ ಎಂಟು ಬಣ್ಣಗಳಲ್ಲಿ ಕಡುಗೆಂಪು ಇಲ್ಲ, ಅದನ್ನು ಬೇರೆಯಾಗಿ ಅಳೆಯುತ್ತಾರೆ. ಆದ್ದರಿಂದ 80 ಅಂಕದ ಬಲ್ಬಿನಡಿ ಕೆಂಪು ಸತ್ತುಹೋಗಬಹುದು. ಇಳಕಲ್ ಸೀರೆಯ ಕೆಂಪು, ಕುಂಕುಮ, ರೆಡ್ ಆಕ್ಸೈಡ್ ನೆಲ, ಕೆಮ್ಮಣ್ಣಿನ ಕುಂಡ, ನಮ್ಮ ಮನೆಗಳ ಚೆಂದವೆಲ್ಲ ಕೆಂಪಿನಲ್ಲೇ ಇದೆಯಲ್ಲ! ನಾನು ಕೆಂಪು ಖಣದ ತುಂಡೊಂದನ್ನು ಪರ್ಸಿನಲ್ಲಿಟ್ಟುಕೊಂಡು ಹೋಗಿ, ಅಂಗಡಿಯಲ್ಲಿ ಬಲ್ಬು ಹೊತ್ತಿಸಿ ತೋರಿಸಿದಾಗ ಅದರ ಕೆಳಗೆ ಹಿಡಿದು ನೋಡಿ ಆರಿಸಿದೆ.

ಈಗ ಬುಟ್ಟಿಯ ವಿಷಯ. ಊಟದ ಮೇಜಿನ ಮೇಲೆ ಖಾಲಿ ಫ್ಯಾನ್ ಕೊಕ್ಕೆ ಇತ್ತು, ಪಕ್ಕದಲ್ಲೇ ವೈರ್ ಪಾಯಿಂಟ್ ಕೂಡ. ಮೇದರು ಹೆಣೆಯುವ ಬುಟ್ಟಿಗಳಲ್ಲಿ ಕೋಳಿ ಮುಚ್ಚುವ ಬುಟ್ಟಿಯ ಹೆಣಿಗೆ ಬಲು ಬಿಡಿಬಿಡಿ, ಕೋಳಿಗೆ ಗಾಳಿ ಆಡಬೇಕಲ್ಲ. ಆ ಕಿಂಡಿಗಳಿಂದಲೇ ಗೋಡೆ ಮತ್ತು ಸೀಲಿಂಗಿನ ಮೇಲೆ ನೆರಳಿನ ಬಲೆ ಹರಡುತ್ತದೆ. ಬುಟ್ಟಿಯನ್ನು ಬೋರಲು ಹಾಕಿ, ಮೇಲ್ತುದಿಯಲ್ಲಿ ಹೋಲ್ಡರ್ ಕೂರಿಸಿ ತೂಗುಹಾಕಿದರೆ ಅರ್ಧ ಕೆಲಸ ಮುಗಿಯಿತು.

ಉಳಿದರ್ಧವೇ ಮುಖ್ಯ. ಬಿದಿರಿನ ಪಿಷ್ಟಕ್ಕೆ ಹುಳು ಬೀಳುತ್ತದೆ. ಒಂದು ದಿನ ಬುಟ್ಟಿಯ ಕೆಳಗೆ ಹಿಟ್ಟು ಉದುರಿದಂತೆ ಕಂಡರೆ ಒಳಗೆ ಕೊರೆಯುತ್ತಿದೆ ಎಂದೇ ಅರ್ಥ. ಹಳ್ಳಿಯಲ್ಲಿ ಒಲೆಯ ಹೊಗೆ ತಾಗುವ ಅಟ್ಟದಲ್ಲಿ ಬಿದಿರು ಇಡುತ್ತಿದ್ದುದು ಇದಕ್ಕೇ. ಫ್ಲ್ಯಾಟಿನಲ್ಲಿ ಹೊಗೆ ಎಲ್ಲಿಯದು? ಬಿಳಿಗಾರ ಮತ್ತು ಬೋರಿಕ್ ಆಸಿಡ್ ಎರಡನ್ನೂ ಬಿಸಿನೀರಿನಲ್ಲಿ ಕರಗಿಸಿ, ದೊಡ್ಡ ಟಬ್ಬಿನಲ್ಲಿ ಬುಟ್ಟಿ ಮುಳುಗಿಸಿಟ್ಟು, ಆಮೇಲೆ ನೆರಳಲ್ಲಿ ಒಣಗಿಸಿದೆ. ಬಿಸಿಲಿಗೆ ಇಟ್ಟರೆ ಬಿದಿರು ಸೀಳುತ್ತದೆ.

ನೆರಳು ಗೆರೆ ಎಳೆದಂತೆ ಬರಬೇಕಾದರೆ ಬೆಳಕಿನ ಮೂಲ ಚಿಕ್ಕದಿರಬೇಕು. ಹಾಲುಬಣ್ಣದ ಬಲ್ಬು ಹಾಕಿದರೆ ನೆರಳಿನ ಅಂಚು ಕಲಸಿಹೋಗುತ್ತದೆ, ಪಾರದರ್ಶಕ ಗಾಜಿನ ಫಿಲಮೆಂಟ್ ಎಲ್‌ಇಡಿ ಹಾಕಿದರೆ ಹೆಣಿಗೆಯ ಒಂದೊಂದು ಕಡ್ಡಿಯೂ ಗೋಡೆಯ ಮೇಲೆ ಮೂಡುತ್ತದೆ. ನಾನು ಹಾಕಿದ್ದು 4 ವ್ಯಾಟಿನದು, ಸುಮಾರು 400 ಲುಮೆನ್. ಹಳೆಯ 60 ವ್ಯಾಟ್ ಬಲ್ಬು ಕೊಡುತ್ತಿದ್ದ ಬೆಳಕಿನ ಅರ್ಧದಷ್ಟು. ಆದರೆ ಬರಿಯ ಫಿಲಮೆಂಟ್ ಉಣ್ಣಲು ಕೂತವರ ಕಣ್ಣಿಗೆ ಚುಚ್ಚುತ್ತದೆ. ಡೆನ್ಮಾರ್ಕಿನ ದೀಪ ವಿನ್ಯಾಸಕ ಪೌಲ್ ಹೆನ್ನಿಂಗ್‌ಸನ್ ಜೀವಮಾನವಿಡೀ ಚಿಂತಿಸಿದ್ದು ಈ ತೊಂದರೆಯನ್ನೇ. ಅವರ 1958ರ ಪಿಎಚ್ 5 ದೀಪದಲ್ಲಿ ಒಂದರ ಕೆಳಗೊಂದು ತಟ್ಟೆಗಳಿವೆ. ಎಲ್ಲಿ ಕೂತು ನೋಡಿದರೂ ಬಲ್ಬು ಕಾಣದು, ಬೆಳಕು ಮಾತ್ರ ಕಾಣುತ್ತದೆ. ಆ ಯೋಚನೆಯನ್ನು ನನ್ನ ಬುಟ್ಟಿಗೆ ಸುಲಭ ಮಾಡಿಕೊಂಡೆ. ಬುಟ್ಟಿಯ ಬಾಯಿಗೆ ಅಳತೆಯಾಗಿ ಬಟರ್ ಪೇಪರ್ ಕತ್ತರಿಸಿ, ತೆಳು ಬಿದಿರ ಬಳೆಗೆ ಅಂಟಿಸಿ, ಕೆಳಗಿನಿಂದ ಸಿಕ್ಕಿಸಿದೆ. ಮೇಜಿಗೆ ಬೀಳುವ ಬೆಳಕು ಮೆತ್ತಗಾಯಿತು, ಪಕ್ಕದ ಗೋಡೆಗಳ ನೆರಳು ಹಾಗೇ ಉಳಿಯಿತು.

ಬುಟ್ಟಿಯ ಅಂಚು ಮೇಜಿನಿಂದ ಎರಡೂವರೆ ಅಡಿ ಎತ್ತರದಲ್ಲಿದೆ. ಅದಕ್ಕಿಂತ ಮೇಲೆ ಹೋದರೆ ಮೇಜಿನ ಸುತ್ತ ಕೂತವರನ್ನು ಒಟ್ಟುಗೂಡಿಸುವ ಆ ಬೆಳಕಿನ ವೃತ್ತ ಒಡೆದುಹೋಗುತ್ತದೆ. ತೂಕವನ್ನು ಕೊಕ್ಕೆಗೆ ಕಟ್ಟಿದ ಹಗ್ಗ ಹೊರುತ್ತದೆ, ವೈರಿನ ಮೇಲೆ ಭಾರ ಬಿಟ್ಟಿಲ್ಲ. ಫ್ಯಾನಿನ ರೆಕ್ಕೆಗಳನ್ನು ದಾಟಿ ಬೆಳಕು ಬರುವಂಥ ಜಾಗದಲ್ಲಿ ಮಾತ್ರ ದೀಪ ಇಡಲೇಬೇಡಿ. ಕೋಣೆಯೆಲ್ಲ ಮಿಣುಕಿ ತಲೆನೋವು ಬರುತ್ತದೆ.

ಫ್ಲ್ಯಾಟುಗಳ ಹೊಳೆಯುವ ನೆಲದ ಬಗ್ಗೆ ಯಾರೂ ಹೇಳುವುದಿಲ್ಲ. ಮೇಲೆ ಎಂಥ ದೀಪ ಇಟ್ಟರೂ ಅದರ ಪ್ರತಿಬಿಂಬ ಟೈಲ್ಸಿನಲ್ಲಿ ಇನ್ನೊಂದು ದೀಪವಾಗಿ ಉರಿಯುತ್ತದೆ. ನವಲಗುಂದದ ಜಮಖಾನೆ ಹಾಸಿದ ಮೇಲೆ ಹಾಲ್‌ನ ಅರ್ಧ ಉರಿ ಇಳಿಯಿತು. ನವಿಲು, ಪಗಡೆ ಹಾಸಿನ ಆ ವಿನ್ಯಾಸಗಳನ್ನು ಅಲ್ಲಿ ಹೆಣ್ಣುಮಕ್ಕಳೇ ನೇಯುತ್ತಾರೆ. ಆ ದಪ್ಪ ಹತ್ತಿಯ ಮೇಲೆ 2700 ಕೆಲ್ವಿನ್ ಬೆಳಕು ಬಿದ್ದಾಗ ಬಣ್ಣಗಳಿಗೆ ಬರುವ ಆಳ ಯಾವ ಯಂತ್ರದ ಕಾರ್ಪೆಟ್ಟಿಗೂ ಬಾರದು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಧಾರವಾಡದಿಂದ ಬಂದ ನಮ್ಮ ಅತ್ತೆಗೆ ಮೊದಲ ಸಂಜೆ ಇದೇನೂ ಹಿಡಿಸಲಿಲ್ಲ. "ಏನವಾ ಇದು, ಮನಿ ತುಂಬಾ ಮಬ್ಬ ಮಾಡೀಯಲ್ಲ. ನಾ ಪೇಪರ್ ಹೆಂಗ ಓದಬೇಕು?" ಎಂದರು. ಅವರ ಮಾತು ಸರಿಯೇ. ವಯಸ್ಸಾದಂತೆ ಕಣ್ಣಿನ ಪಾಪೆ ಕಿರಿದಾಗುತ್ತದೆ, ಮಸೂರ ಹಳದಿಗಟ್ಟುತ್ತದೆ. ಇಪ್ಪತ್ತರ ಕಣ್ಣಿಗೆ ಸಾಕಾದ ಬೆಳಕು ಅರವತ್ತರ ಕಣ್ಣಿಗೆ ಯಾತಕ್ಕೂ ಸಾಲದು. ಅದಕ್ಕಾಗಿ ಇಡೀ ಕೋಣೆಯನ್ನು ಬೆಳಗುವ ಬದಲು ಅವರ ಕುರ್ಚಿಯ ಹಿಂದೆ, ಎಡಭುಜದ ಮೇಲಿಂದ ಪೇಪರಿನ ಮೇಲೆ ಬೀಳುವ ಹಾಗೆ 9 ವ್ಯಾಟಿನ ನಿಲುದೀಪ ಇಟ್ಟೆ. ಅದರ ಬುಡಕ್ಕೆ ಉಪ್ಪಿನಕಾಯಿಯ ಹಳೇ ಪಿಂಗಾಣಿ ಭರಣಿ. ಒಳಗೆ ಮರಳು ತುಂಬಿಸಿ ಕೋಲು ನೆಟ್ಟಿದ್ದೇನೆ, ಮಕ್ಕಳು ಓಡಾಡಿ ತಾಗಿದರೂ ಅಲುಗುವುದಿಲ್ಲ. "ಈಗ ಛಲೋ ಆತು ನೋಡು" ಎಂದು ಪೇಪರ್ ಬಿಡಿಸಿದರು.

ಆಕಾಶಬುಟ್ಟಿ ಅವರ ಕೈಯದು. ದೀಪಾವಳಿಗೆ ಉತ್ತರ ಕರ್ನಾಟಕದ ಮನೆಗಳ ಮುಂದೆ ತೂಗುವ ಅದೇ ಬಿದಿರು ಕಡ್ಡಿ, ಕಾಗದದ ಬುಟ್ಟಿ. ಕರಾವಳಿಯಲ್ಲಿ ಗೂಡುದೀಪ ಅನ್ನುತ್ತಾರೆ. ಹಬ್ಬ ಮುಗಿದ ಮೇಲೆ ಅದನ್ನು ಅಟ್ಟಕ್ಕೆ ಏಕೆ ಹಾಕಬೇಕು ಎಂದು ನನಗೆ ಮೊದಲಿನಿಂದಲೂ ಅನ್ನಿಸುತ್ತಿತ್ತು. ಶಿಲ್ಪಿ ಇಸಾಮು ನೊಗುಚಿ 1951ರಲ್ಲಿ ಜಪಾನಿನ ಗಿಫು ಊರಿಗೆ ಹೋದಾಗ ಅಲ್ಲಿನ ಕಾಗದದ ಲಾಂದ್ರಗಳನ್ನು ಕಂಡು, ಅವುಗಳಿಂದಲೇ ಅಕಾರಿ ಎಂಬ ದೀಪಗಳ ಸರಣಿ ಮಾಡಿದರು. ಇವತ್ತು ಜಗತ್ತಿನ ಎಷ್ಟೋ ಮನೆಗಳಲ್ಲಿ ತೂಗುವ ದುಂಡು ಕಾಗದದ ದೀಪಗಳಿಗೆ ಅದೇ ಮೂಲ. ನಮ್ಮ ಆಕಾಶಬುಟ್ಟಿಗೂ ಆ ಯೋಗ್ಯತೆ ಇದೆ. ಬಣ್ಣದ ಕಾಗದದ ಜಾಗದಲ್ಲಿ ಬಿಳಿ ಕೈಕಾಗದ ಹಾಕಿ, ಜರಿ ಬಿಟ್ಟು, ಕೆಳಗಿನ ಬಾಲವನ್ನು ಮಾತ್ರ ಉಳಿಸಿಕೊಂಡೆವು. ಮೈದಾ ಅಂಟಿಗೆ ಚಿಟಿಕೆ ಮೈಲುತುತ್ತ ಸೇರಿಸಿದರೆ ಜಿರಳೆ ಮುಟ್ಟುವುದಿಲ್ಲ ಎಂದು ಅತ್ತೆ ಹೇಳಿಕೊಟ್ಟರು. ಅದು ವಿಷ, ಮಕ್ಕಳ ಕೈಗೆ ಸಿಗದಂತೆ ನೋಡಿಕೊಳ್ಳಬೇಕು. ಈ ದೀಪಕ್ಕೆ ಹಾಲುಬಣ್ಣದ ಬಲ್ಬೇ ಸರಿ, ಕಾಗದ ಇಡಿಯಾಗಿ ಬೆಳಗಬೇಕು.

ಖಣದ ಶೇಡ್ ಮಾಡುವುದು ಸುಲಭ. ಗುಳೇದಗುಡ್ಡದ ಖಣ ನೇಯುವುದೇ ಕುಪ್ಪಸದ ಅಳತೆಯ ಕಿರಿದಾದ ಪನ್ನದಲ್ಲಿ, ಹಾಗಾಗಿ ಮೇಜುದೀಪದ ಶೇಡಿಗೆ ಒಂದು ಕುಪ್ಪಸದ ಬಟ್ಟೆ ಸಾಕಾಗಿ ಮಿಗುತ್ತದೆ. ಹಳೇ ಶೇಡಿನ ಬಟ್ಟೆ ಬಿಚ್ಚಿ, ಒಳಗೆ ಬಿಳಿ ಹತ್ತಿಯ ಅಸ್ತರು ಕೊಟ್ಟು ಹೊರಗೆ ಖಣ ಸುತ್ತಿದೆ. ಕಡುಬಣ್ಣದ ಖಣ ಬೆಳಕನ್ನು ನುಂಗುತ್ತದೆ, ಮೇಲಿನಿಂದ ಮತ್ತು ಕೆಳಗಿನಿಂದ ಮಾತ್ರ ಬೆಳಕು ಬರುತ್ತದೆ. ಮೂಲೆಗೆ ಅದು ಚೆಂದವೇ. ಬಟ್ಟೆಯೇ ಹೊಳೆಯಬೇಕಾದರೆ ಹಳದಿ ಅಥವಾ ತಿಳಿ ಗುಲಾಬಿ ಆರಿಸಿ. ಶೇಡಿನ ಮೇಲ್ಭಾಗ ಮುಚ್ಚಬೇಡಿ. ಎಲ್‌ಇಡಿ ಕೆಡುವುದು ಹೆಚ್ಚಾಗಿ ಒಳಗಿನ ಡ್ರೈವರ್ (ಕರೆಂಟನ್ನು ಎಲ್‌ಇಡಿಗೆ ಹೊಂದಿಸುವ ಭಾಗ) ಕಾದು, ಬಿಸಿ ಹೊರಗೆ ಹೋಗಲು ದಾರಿ ಬೇಕು. ದೀಪದ ಕಾಂಡ ಚನ್ನಪಟ್ಟಣದ್ದು. ಆಲೆ ಮರದ ಬಣ್ಣಬಣ್ಣದ ಉಂಗುರಗಳನ್ನು ಲೋಹದ ಕೊಳವೆಗೆ ಪೋಣಿಸಿದ್ದು, ವೈರು ಒಳಗಿನಿಂದ ಹೋಗುತ್ತದೆ. ತಿರುಗಣೆಯ ಮೇಲೆ ಅರಗನ್ನು ಒತ್ತಿ ಹಿಡಿದಾಗ ಉಜ್ಜುವ ಶಾಖಕ್ಕೇ ಕರಗಿ ಹತ್ತುವ ಬಣ್ಣ ಅದು, ಹಾಗಾಗಿ ಕಾಯುವ ಹಳೇ ಬಲ್ಬನ್ನು ಅದರ ಹತ್ತಿರ ಹಾಕುವಂತಿಲ್ಲ.

ಈ ಮನೆಯಲ್ಲಿ ನನಗೆ ಅತಿ ಪ್ರಿಯವಾದದ್ದು ತೊಗಲುಗೊಂಬೆ. ಬಳ್ಳಾರಿ ಕಡೆಯ ಕಲಾವಿದರೊಬ್ಬರಿಂದ ಹೊಸದಾಗಿ ಮಾಡಿಸಿ ತಂದ ಹನುಮಂತ. ಎಷ್ಟೋ ಮನೆಗಳಲ್ಲಿ ತೊಗಲುಗೊಂಬೆಯನ್ನು ಚಿತ್ರಪಟದ ಹಾಗೆ ಗೋಡೆಗೆ ಒತ್ತಿ ಫ್ರೇಮ್ ಹಾಕಿಸುತ್ತಾರೆ, ನೋಡಿದರೆ ಸಂಕಟವಾಗುತ್ತದೆ. ಆಡಿನ ಚರ್ಮವನ್ನು ಬೆಳಕು ತೂರುವಷ್ಟು ಹೆರೆದು, ಒಡವೆಗಳ ಜಾಗದಲ್ಲಿ ಉಳಿಯಿಂದ ಸಣ್ಣ ಸಣ್ಣ ತೂತು ಕೊರೆದಿರುವುದು ಹಿಂದಿನಿಂದ ದೀಪ ಹಿಡಿಯಲೆಂದೇ. ಬೆಳಕು ಹಿಂದಿನಿಂದ ಬಂದಾಗ ಕಿರೀಟ ಮಿನುಗುತ್ತದೆ, ಹಸಿರು ಹಸಿರಾಗುತ್ತದೆ. ಸುಮಾರು ನಾಲ್ಕು ಇಂಚು ಆಳದ ಮರದ ಪೆಟ್ಟಿಗೆ ಮಾಡಿಸಿ, ಒಳಗಿನ ಅಂಚಿನ ಸುತ್ತ ಎಲ್‌ಇಡಿ ಸ್ಟ್ರಿಪ್ ಓಡಿಸಿ, ಮುಂದೆ ಹಾಲುಬಣ್ಣದ ಅಕ್ರಿಲಿಕ್ ಹಾಳೆ ಕೂರಿಸಿ, ಅದರ ಮುಂದೆ ಗೊಂಬೆಯನ್ನು ನೂಲಿನಿಂದ ಕಟ್ಟಿದೆ. ಅಂಟು ತಾಗಿಸಲಿಲ್ಲ. ಮಳೆಗಾಲದಲ್ಲಿ ಚರ್ಮ ತೇವ ಹೀರಿ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ, ಆಡಲು ಜಾಗ ಬೇಕು. ಪೆಟ್ಟಿಗೆಯನ್ನು ಕಪಾಟಿನ ಮೇಲೆ ಗೋಡೆಗೆ ಒರಗಿಸಿಟ್ಟಿದ್ದೇನೆ, ಮೊಳೆ ಬೇಕಾಗಲಿಲ್ಲ.

ಸ್ಟ್ರಿಪ್ ಕೊಳ್ಳಲು ಎಸ್.ಪಿ. ರಸ್ತೆಯಷ್ಟು ಆಯ್ಕೆ ಬೇರೆಲ್ಲೂ ನನಗೆ ಸಿಕ್ಕಿಲ್ಲ. ಮೀಟರಿಗೆ 120 ಎಲ್‌ಇಡಿ ಇರುವುದನ್ನು ಕೇಳಿ, 60ರದ್ದು ಚುಕ್ಕಿ ಚುಕ್ಕಿಯಾಗಿ ಕಾಣುತ್ತದೆ. ಮೀಟರಿಗೆ 9.6 ವ್ಯಾಟ್ ಎಂದಿದ್ದರೆ ನಾಲ್ಕು ಮೀಟರಿಗೆ 38.4 ವ್ಯಾಟ್, ಅದಕ್ಕೆ 12 ವೋಲ್ಟ್, 4 ಆಂಪಿಯರ್ ಅಡಾಪ್ಟರ್, ಅಂದರೆ 48 ವ್ಯಾಟ್, ಸ್ವಲ್ಪ ಬಿಡುವಿಟ್ಟು ಕೆಲಸ ಮಾಡುತ್ತದೆ. 5 ಮೀಟರಿಗಿಂತ ಉದ್ದ ಎಳೆದರೆ ವೋಲ್ಟೇಜ್ ಇಳಿದು ತುದಿ ಮಂಕಾಗುತ್ತದೆ, ಎರಡೂ ಕಡೆಯಿಂದ ಕರೆಂಟ್ ಕೊಡಬೇಕು. ಅಡುಗೆಕಟ್ಟೆಯ ಮೇಲಿನ ಕಪಾಟಿನಡಿ ಅಲ್ಯೂಮಿನಿಯಂ ಪಟ್ಟಿಯೊಳಗೆ ಇದನ್ನೇ ಹಾಕಿದೆ. ತಲೆಯ ಹಿಂದಿನ ಟ್ಯೂಬಿನಿಂದ ಈಳಿಗೆಮಣೆಯ ಮೇಲೆ ನಮ್ಮದೇ ನೆರಳು ಬೀಳುವುದು ಅಲ್ಲಿಗೆ ತಪ್ಪಿತು. ಗೋಡೆಗೆ ತೀರಾ ಹತ್ತಿರ ದೀಪವಿಟ್ಟು ಬೆಳಕು ಸವರಿ ಹೋಗುವಂತೆ ಮಾಡುವುದು ಈಗ ಫ್ಯಾಷನ್. ಕಲ್ಲಿನ ಅಥವಾ ಇಟ್ಟಿಗೆಯ ಗೋಡೆಗೆ ಅದು ಒಪ್ಪುತ್ತದೆ. ನಮ್ಮಂಥ ಫ್ಲ್ಯಾಟುಗಳಲ್ಲಿ ಪುಟ್ಟಿ ಹಚ್ಚಿದವರ ಕೈಯ ಏರುತಗ್ಗೆಲ್ಲ ಎದ್ದು ಕಾಣುತ್ತದೆ.

ದೇವರ ಕೋಣೆಗೆ ನಾನು ಏನೂ ಮಾಡಲಿಲ್ಲ. ಎಣ್ಣೆದೀಪಕ್ಕೆ ಸ್ಪರ್ಧಿ ಬೇಡ ಎನ್ನಿಸಿ ಇದ್ದ ಬಲ್ಬನ್ನೂ 2700ರ 3 ವ್ಯಾಟಿಗೆ ಇಳಿಸಿದೆ.

ಹಿತ್ತಾಳೆ, ಕಬ್ಬಿಣದ ಮೈಯಿರುವ ಯಾವ ದೀಪವಾದರೂ ಸರಿ, ಮೂರು ಪಿನ್ನಿನ ಪ್ಲಗ್, ಅರ್ತ್ ವೈರು ಮೈಗೆ ತಾಗಿರಲೇಬೇಕು. ಹಳೇ ಪಾತ್ರೆಯಿಂದ ದೀಪ ಮಾಡುವ ಉತ್ಸಾಹದಲ್ಲಿ ಇದನ್ನು ಬಿಡಬೇಡಿ. ಮನೆಯ ಡಿಬಿಯಲ್ಲಿ, ಅಂದರೆ ಮೇನ್ ಸ್ವಿಚ್ ಪೆಟ್ಟಿಗೆಯಲ್ಲಿ, ಕರೆಂಟ್ ಸೋರಿದರೆ ತಾನಾಗಿ ಆಫ್ ಆಗುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇದೆಯೇ ಎಂದು ಮೊದಲು ಎಲೆಕ್ಟ್ರಿಷಿಯನ್ ಹತ್ತಿರ ನೋಡಿಸಿದೆ. ಬೆಳಕು ತಗ್ಗಿಸುವ ಡಿಮ್ಮರ್ ಹಾಕುವುದಾದರೆ ಬಲ್ಬಿನ ಡಬ್ಬಿಯ ಮೇಲೆ ಡಿಮ್ಮಬಲ್ ಎಂದು ಬರೆದಿರಬೇಕು, ಇಲ್ಲದಿದ್ದರೆ ಮಿಣುಕುತ್ತದೆ. ನಾನು ಡಿಮ್ಮರ್ ಗೋಜಿಗೇ ಹೋಗಲಿಲ್ಲ. ಸಣ್ಣ ದೀಪಗಳು ಹಲವು ಇದ್ದಾಗ ಎರಡನ್ನು ಆಫ್ ಮಾಡಿದರೆ ಅದೇ ಡಿಮ್ಮರ್.

ಬಾಲ್ಕನಿಗೆ ಅಡಿಕೆ ಹಾಳೆಯ ಮುಟ್ಟಾಳೆಯನ್ನೇ ಶೇಡ್ ಮಾಡಿ ಒಂದು ದೀಪ ತೂಗಿಸಿದ್ದೇನೆ. ತುಳುನಾಡಿನ ತೋಟಗಳಲ್ಲಿ ಕೆಲಸದವರು ತಲೆಗೆ ಇಡುವ ಆ ಹಾಳೆಟೋಪಿಯ ಒಳಮೈ ನುಣುಪು, ತಿಳಿಬಣ್ಣ, ಬೆಳಕನ್ನು ಚೆನ್ನಾಗಿ ಕೆಳಗೆ ತಳ್ಳುತ್ತದೆ. ಮಳೆ ಎರಚಲು ಬರುವ ಕಡೆ ಹೋಲ್ಡರ್ ಮತ್ತು ವೈರಿನ ಜೋಡಣೆ ಐಪಿ 65, ಅಂದರೆ ದೂಳು, ನೀರು ಒಳಹೋಗದ ದರ್ಜೆಯದು, ಇರಬೇಕು. ಹಳದಿ ಬೆಳಕಿಗೆ ಹುಳುಗಳು ಬಿಳಿಯಷ್ಟು ಮುತ್ತುವುದಿಲ್ಲ. ಆದರೂ ಮೊದಲ ಮಳೆ ಬಿದ್ದ ಸಂಜೆ ರೆಕ್ಕೆಯ ಗೆದ್ದಲು ಹಾರುವಾಗ ಮುಟ್ಟಾಳೆ ದೀಪ ಆರಿಸಿ, ಬಾಲ್ಕನಿಯ ಬಾಗಿಲು ಎಳೆದುಕೊಳ್ಳುತ್ತೇವೆ.